ದೊಡ್ಡ ಕಂಪನಿಯಲ್ಲಿ ಟೆಸ್ಟ್ ಇಂಜಿನಿಯರ್ ಕೆಲಸ ಸಿಕ್ಕಿದೆ. ಸೇರಲಾ, ಬೇಡವಾ?

ಸೀತಾನದಿ · ಶುಕ್ರವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ. ಶಿವಮೊಗ್ಗದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ, ಕೊನೆಯ ಸೆಮಿಸ್ಟರ್. ಕ್ಯಾಂಪಸ್‌ನಲ್ಲಿ ಬೆಂಗಳೂರಿನ ಒಂದು ದೊಡ್ಡ ಕಂಪನಿಗೆ ಆಯ್ಕೆ ಆಗಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಾನ್ಯಾರು ಅಂತ ಕಾಲೇಜಿನವರಿಗೆಲ್ಲ ಗೊತ್ತಾಗುತ್ತದೆ. ಆದರೆ ಹುದ್ದೆ ಡೆವಲಪರ್ ಅಲ್ಲ, ಸಾಫ್ಟ್‌ವೇರ್ ಟೆಸ್ಟ್ ಇಂಜಿನಿಯರ್.

ಮನೆಯಲ್ಲಿ ಎಲ್ಲರಿಗೂ ಖುಷಿ. ಅಪ್ಪ ಅಂತೂ ಊರಿಗೆಲ್ಲ ಹೇಳಿ ಆಯಿತು. ಬೆಂಗಳೂರಲ್ಲಿರುವ ದೊಡ್ಡಪ್ಪನ ಮಗ ಮಾತ್ರ "ಟೆಸ್ಟಿಂಗಾ? ಅದು ಕೋಡಿಂಗ್ ಬರದವರಿಗೆ ಕೊಡೋ ಕೆಲಸ. ಒಂದು ಸಲ ಒಳಗೆ ಹೋದ್ರೆ ಹೊರಗೆ ಬರಕ್ಕಾಗಲ್ಲ" ಅಂದ. ಅಂದಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ನಿಜವಾಗಿ ಇವರು ದಿನವಿಡೀ ಏನು ಮಾಡುತ್ತಾರೆ? ಬಟನ್ ಒತ್ತಿ ಒತ್ತಿ ನೋಡುವುದೇನಾ? ಡೆವಲಪರ್ ಕೆಲಸ ಸಿಗುವವರೆಗೆ ಕಾಯಲಾ? ಒಳಗಿದ್ದವರು ಹೇಳಿ.

ಬೈಟು_ಕಾಫಿ

ಸೇರು ಮಾರಾಯ್ತಿ. ಕೈಯಲ್ಲಿರುವ ಕೆಲಸ ಬಿಟ್ಟು ಕಾಯುವ ಕಾಲ ಅಲ್ಲ ಇದು.

ಕೊಡಚಾದ್ರಿ_ಗಾಳಿ

ನಾನು ಡೆವಲಪರ್. ಬೇಜಾರು ಮಾಡಿಕೊಳ್ಳಬೇಡ ತಂಗಿ, ನಿನ್ನ ಅಣ್ಣ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮೈಕ್ರೋಸಾಫ್ಟ್‌ನಲ್ಲಿ ಎಸ್‌ಡಿಇಟಿ ಅಂತ ದೊಡ್ಡ ಪಡೆಯೇ ಇತ್ತು. ಟೆಸ್ಟ್ ಬರೆಯುವುದಕ್ಕೇ ಇದ್ದ ಇಂಜಿನಿಯರ್‌ಗಳು ಅವರು. 2014ರ ಸುಮಾರಿಗೆ ಟೆಸ್ಟ್ ತಂಡ, ಡೆವಲಪರ್ ತಂಡ ಎರಡನ್ನೂ ಒಂದು ಮಾಡಿದರು. ಕೆಲವರು ಡೆವಲಪರ್ ಆದರು, ಕೆಲವರು ಮನೆಗೆ ಹೋದರು. ಫೇಸ್‌ಬುಕ್ ಮೊದಲಿನಿಂದಲೂ ಬರೆದವನೇ ಟೆಸ್ಟ್ ಮಾಡಲಿ ಅನ್ನುವ ಕಂಪನಿ. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡಿಕೊಂಡು ಹೆಜ್ಜೆ ಇಡು.

ಚಾಲಿ_ಅಡಿಕೆ

ಬರೆದವನೇ ಟೆಸ್ಟ್ ಮಾಡುವುದು ಅಂದರೆ, ಮಂಡಿಯಲ್ಲಿ ನಮ್ಮ ಮನೆ ಅಡಿಕೆಗೆ ನಾವೇ ದರ್ಜೆ ಹಾಕಿಕೊಂಡ ಹಾಗೆ. ಎಲ್ಲವೂ ಮೇಲ್ದರ್ಜೆಯ ಸರಕೇ. ಕೆಳದರ್ಜೆಯ ಗೊರಬಲು ಒಂದೂ ಇರುವುದಿಲ್ಲ 😄

ವರದಾಮೂಲ

ಸಾಗರದ ಕಡೆಯವಳು ನಾನು. ಓದು ಮುಗಿಸಿದಾಗಿನಿಂದ ಟೆಸ್ಟಿಂಗ್‌ನಲ್ಲೇ ಇದ್ದೇನೆ. ಬೇರೆ ಕಂಪನಿಗಳಿಗೆ ಕೆಲಸ ಮಾಡಿಕೊಡುವ ಸೇವಾ ಕಂಪನಿಯಲ್ಲೂ ಇದ್ದೆ, ಈಗ ತನ್ನದೇ ಸಾಫ್ಟ್‌ವೇರ್ ಕಟ್ಟುವ ಪ್ರಾಡಕ್ಟ್ ಕಂಪನಿಯಲ್ಲಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಿದ್ದರೆ ಓದಿ.

ಕೊಡಚಾದ್ರಿ ಹೇಳಿದ ಮೈಕ್ರೋಸಾಫ್ಟ್ ವಿಷಯ ನಿಜ. ಆದರೆ ಅಲ್ಲಿ ಹೋಗಿದ್ದು ಹುದ್ದೆ. ಕೆಲಸ ಎಲ್ಲಿಗೂ ಹೋಗಲಿಲ್ಲ, ಬೇರೆಯವರ ತಲೆಗೆ ಬಂತು ಅಷ್ಟೇ. ಅಮೆಜಾನ್‌ನಲ್ಲಿ ಎಸ್‌ಡಿಇಟಿ ಅನ್ನುವ ಹುದ್ದೆ ಆಮೇಲೂ ಇತ್ತು. ಗೂಗಲ್‌ನಲ್ಲಿ ಟೆಸ್ಟ್‌ಗೆ ಬೇಕಾದ ಸಲಕರಣೆ ಕಟ್ಟುವವರು ಬೇರೆ, ಬಳಸುವವರ ಕಣ್ಣಿಂದ ನೋಡುವ ಟೆಸ್ಟ್ ಇಂಜಿನಿಯರ್‌ಗಳು ಬೇರೆ ಇದ್ದರು. ಹಾಗಾಗಿ ಟೆಸ್ಟಿಂಗ್ ಅಂದರೆ ಎಲ್ಲ ಕಡೆ ಒಂದೇ ಅಂದುಕೊಳ್ಳಬೇಡ.

ಈಗ ದಿನವಿಡೀ ಏನು ಅನ್ನುವುದು. ಬೆಳಿಗ್ಗೆ ಬಂದ ಕೂಡಲೇ ನೋಡುವುದು ರಾತ್ರಿ ಓಡಿದ ಟೆಸ್ಟ್‌ಗಳ ವರದಿ. ಡೆವಲಪರ್‌ಗಳು ಹಗಲೆಲ್ಲ ಸೇರಿಸಿದ ಕೋಡ್ ಕೂಡಿಸಿ ರಾತ್ರಿ ಒಂದು ಬಿಲ್ಡ್, ಅಂದರೆ ಓಡಿಸಿ ನೋಡಬಹುದಾದ ಆವೃತ್ತಿ, ತಯಾರಾಗುತ್ತದೆ. ಅದರ ಮೇಲೆ ಸಾವಿರಾರು ಟೆಸ್ಟ್ ತಾವಾಗೇ ಓಡುತ್ತವೆ. ಬೆಳಿಗ್ಗೆ ಕೆಲವು ಕೆಂಪಾಗಿರುತ್ತವೆ, ಅಂದರೆ ಫೇಲ್. ಕೆಂಪಾದದ್ದೆಲ್ಲ ಬಗ್, ಅಂದರೆ ಕೋಡಿನ ತಪ್ಪು, ಅಲ್ಲ. ಟೆಸ್ಟೇ ತಪ್ಪಿರಬಹುದು, ಸರ್ವರ್ ಮಲಗಿರಬಹುದು, ನೀನು ಇಟ್ಟಿದ್ದ ಡೇಟಾ ಇನ್ಯಾರೋ ಅಳಿಸಿರಬಹುದು. ಕೋಡ್ ಬದಲಾಗದೇ ಇದ್ದರೂ ಒಂದು ಸಲ ಪಾಸ್, ಇನ್ನೊಂದು ಸಲ ಫೇಲ್ ಆಗುವ ಟೆಸ್ಟ್‌ಗಳಿಗೆ ಫ್ಲೇಕಿ ಅಂತಾರೆ. ಗೂಗಲ್‌ನವರೇ 2016ರಲ್ಲಿ ಬರೆದಿದ್ದರು, ಅವರ ಟೆಸ್ಟ್‌ಗಳಲ್ಲಿ ಹೆಚ್ಚುಕಡಿಮೆ ಶೇ. 16ರಷ್ಟಕ್ಕೆ ಈ ಚಾಳಿ ಸ್ವಲ್ಪವಾದರೂ ಇದೆ, ಒಟ್ಟು ಓಟಗಳಲ್ಲಿ ಶೇ. 1.5ರಷ್ಟು ಹೀಗೆ ಆಗುತ್ತವೆ ಅಂತ. ಅಷ್ಟು ದೊಡ್ಡ ಕಂಪನಿಯ ಕಥೆಯೇ ಹೀಗೆ. ಸುಮ್ನೆ ಮತ್ತೆ ಓಡಿಸಿ ಹಸಿರಾದರೆ ಮುಂದೆ ಹೋಗುವವರು ಜಾಸ್ತಿ. ಒಳ್ಳೆಯ ಟೆಸ್ಟರ್ ಯಾಕೆ ಹಾಗಾಯಿತು ಅಂತ ಕೆದಕುತ್ತಾಳೆ, ಯಾಕೆಂದರೆ ನಿಜವಾದ ಬಗ್ ಅಡಗಿ ಕೂರುವುದೇ ಅಲ್ಲಿ.

ಆಮೇಲೆ ಸ್ಟ್ಯಾಂಡಪ್ ಅನ್ನುವ ತಂಡದ ಚಿಕ್ಕ ಮೀಟಿಂಗ್, ಆಮೇಲೆ ಹೊಸ ಫೀಚರ್‌ನ ದಾಖಲೆ ಓದುವುದು. ಹೊರಗಿನವರಿಗೆ ಕಾಣದ ಭಾಗ ಇದು. ಕೋಡ್ ಒಂದು ಸಾಲೂ ಬರೆಯುವ ಮೊದಲೇ "ಹೀಗಾದರೆ ಏನು, ಹಾಗಾದರೆ ಏನು" ಅಂತ ಕೇಳಬೇಕು. ಮಧ್ಯಾಹ್ನ ಆಟೊಮೇಷನ್, ಅಂದರೆ ಟೆಸ್ಟ್ ತಾನಾಗೇ ಓಡುವ ಹಾಗೆ ಮಾಡುವ ಕೋಡ್ ಬರೆಯುವುದು. ಹೌದು, ಕೋಡ್. ಜಾವಾ, ಪೈಥಾನ್, ಟೈಪ್‌ಸ್ಕ್ರಿಪ್ಟ್, ತಂಡಕ್ಕೆ ತಕ್ಕ ಹಾಗೆ. ಸಂಜೆ ಬಗ್ ಪಂಚಾಯ್ತಿ. ಬಗ್ ಹಿಡಿಯುವುದಕ್ಕಿಂತ ಅದು ಬಗ್ ಅಂತ ಒಪ್ಪಿಸುವುದೇ ಕಷ್ಟ. "ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆಯಲ್ಲ" ಅನ್ನುವ ಮಾತು ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ.

ಅದಕ್ಕೇ ಬಗ್ ವರದಿ ಬರೆಯುವುದನ್ನು ಈಗಲೇ ಕಲಿ. "ಲಾಗಿನ್ ಆಗುತ್ತಿಲ್ಲ" ಅಂತ ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. "ಪಾಸ್‌ವರ್ಡ್ ಕೊನೆಯಲ್ಲಿ ಒಂದು ಖಾಲಿ ಜಾಗ ಬಿದ್ದರೆ ಮೊಬೈಲ್ ಆ್ಯಪ್‌ನಲ್ಲಿ ಲಾಗಿನ್ ಆಗುತ್ತದೆ, ವೆಬ್‌ನಲ್ಲಿ ಆಗುವುದಿಲ್ಲ" ಅಂತ ಬರೆ. ಕೆಳಗೆ ಯಾವ ಬಿಲ್ಡ್, ಯಾವ ಫೋನ್, ಏನೇನು ಮಾಡಿದರೆ ಮತ್ತೆ ಕಾಣುತ್ತದೆ, ಏನಾಗಬೇಕಿತ್ತು, ಏನಾಯಿತು, ಲಾಗ್ ಫೈಲ್. ಓದಿದವನು ನಿನ್ನ ಹತ್ತಿರ ಬಂದು ಏನೂ ಕೇಳುವ ಹಾಗಿರಬಾರದು.

ಕೊಡಚಾದ್ರಿ_ಗಾಳಿ

ಒಪ್ಪಿದೆ ಅಕ್ಕ. ಆದರೆ ನೀವು ಹೇಳುತ್ತಿರುವುದು ಪ್ರಾಡಕ್ಟ್ ಕಂಪನಿ ಕಥೆ. ಎಷ್ಟೋ ಕಡೆ ಇವತ್ತಿಗೂ ಎಕ್ಸೆಲ್ ಶೀಟ್ ಕೊಟ್ಟು, ಸಾಲು ಸಾಲಾಗಿ ಮಾಡಿ ಪಾಸ್ ಫೇಲ್ ಬರೆ ಅಂತಾರೆ. ಅದನ್ನೇ ಮೂರ್ನಾಲ್ಕು ವರ್ಷ ಮಾಡಿದವರು ಬೇರೆ ಕಡೆ ಇಂಟರ್‌ವ್ಯೂಗೆ ಬಂದಾಗ ಹೇಳಿಕೊಳ್ಳಲು ಏನೂ ಇರುವುದಿಲ್ಲ. ಅಂಥವರ ಇಂಟರ್‌ವ್ಯೂ ಮಾಡಿದ್ದೇನೆ. ಹುಷಾರಿದ್ದವರೇ, ಕೆಲಸ ಅವರನ್ನು ಹಾಗೆ ಮಾಡಿತ್ತು.

ವರದಾಮೂಲ

ಅದು ಸರಿ. ಅಂಥ ಕಡೆ ನಾನೂ ಇದ್ದೆ. ಕಂಪನಿ ದೊಡ್ಡದಾ ಚಿಕ್ಕದಾ ಅನ್ನುವುದು ಇದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಕಟ್ಟಡದ ಎರಡು ಮಹಡಿಯಲ್ಲಿ ಎರಡು ರೀತಿ ಇರುತ್ತದೆ. ಸೇರುವ ಮೊದಲು ಎಚ್‌ಆರ್‌ಗೆ ಮೇಲ್ ಹಾಕಿ ಕೇಳು ಸೀತಾ. ತಂಡ ಪ್ರಾಡಕ್ಟ್ ಜೊತೆಗೇ ಇರುತ್ತದಾ, ಅಥವಾ ಟೆಸ್ಟಿಂಗ್ ವಿಭಾಗ ಅಂತ ಬೇರೆ ಇದೆಯಾ? ಕೋಡ್ ಇರುವ ರೆಪೊ ನನಗೆ ನೋಡಲು ಸಿಗುತ್ತದಾ? ಯೂನಿಟ್ ಟೆಸ್ಟ್, ಅಂದರೆ ಕೋಡಿನ ಒಂದೊಂದು ಚಿಕ್ಕ ತುಂಡಿನ ಟೆಸ್ಟ್, ಯಾರು ಬರೆಯುತ್ತಾರೆ? ಯೂನಿಟ್ ಟೆಸ್ಟ್ ಕೂಡ ಟೆಸ್ಟರ್‌ಗಳೇ ಬರೆಯಬೇಕು ಅಂದರೆ ಅಲ್ಲಿ ಡೆವಲಪರ್‌ಗಳು ಬರೆದು ಎಸೆದು ಹೋಗುತ್ತಾರೆ ಅಂತ ಅರ್ಥ. ಬಾಂಡ್ ಇದೆಯಾ, ಇದ್ದರೆ ಎಷ್ಟು ವರ್ಷ? ಕೊನೆಯದು, ನೀನು ಕಂಪನಿಯ ನೌಕರಳೋ, ಇನ್ನೊಂದು ಕಂಪನಿಯ ಮೂಲಕ ಅಲ್ಲಿ ಕೂರುವವಳೋ. ಕೊರಳಿನ ಕಾರ್ಡ್ ಬಣ್ಣ ಬೇರೆಯಾದರೆ ಮೀಟಿಂಗ್‌ನಲ್ಲಿ ನಿನ್ನ ಮಾತಿನ ತೂಕವೂ ಬೇರೆಯಾಗುತ್ತದೆ. ಆಗಬಾರದು, ಆದರೆ ಆಗುತ್ತದೆ.

ಸೀತಾನದಿ

ತುಂಬಾ ಥ್ಯಾಂಕ್ಸ್ ಅಕ್ಕ. ಇಷ್ಟೆಲ್ಲ ಕೇಳಿದರೆ ಜಂಬ ಅಂದುಕೊಳ್ಳುವುದಿಲ್ಲವಾ?

ಬೈಟು_ಕಾಫಿ

ಪ್ರಶ್ನೆ ಕೇಳುವುದಕ್ಕೇ ಸಂಬಳ ಕೊಡುತ್ತಿದ್ದಾರಲ್ಲ. ಈಗಲೇ ಶುರು ಮಾಡು.

ಗೋಪಿ_ಸರ್ಕಲ್

ವರದಾಮೂಲ ಅಕ್ಕ ಹೇಳಿದ ಆ "ಹೀಗಾದರೆ ಏನು" ಅನ್ನುವುದನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇಂಟರ್‌ವ್ಯೂನಲ್ಲಿ ಪೆನ್ ಟೆಸ್ಟ್ ಮಾಡು, ಲಿಫ್ಟ್ ಟೆಸ್ಟ್ ಮಾಡು ಅಂತ ಕೇಳುತ್ತಾರೆ, ಅದು ಕೇಳಿ ಕೇಳಿ ಸಾಕಾಗಿದೆ. ನಾನು ಹೊಸಬರಿಗೆ ಕೊಡುವುದು ಕೆಎಸ್ಆರ್‌ಟಿಸಿ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು, ಅಲ್ವಾ? ಈ ಯಂತ್ರ ಯಾವಾಗ ಶೂನ್ಯ ಟಿಕೆಟ್ ಕೊಡಬೇಕು, ಯಾವಾಗ ದುಡ್ಡಿನ ಟಿಕೆಟ್ ಕೊಡಬೇಕು?

ಪ್ರಶ್ನೆ ನಾಲ್ಕು. ಪ್ರಯಾಣಿಕರು ಹೆಂಗಸಾ? ರಾಜ್ಯದ ಗುರುತಿನ ಚೀಟಿ ಇದೆಯಾ? ಬಸ್ ಸಾಮಾನ್ಯದ್ದಾ, ರಾಜಹಂಸ ಐರಾವತದಂಥದ್ದಾ? ಇಳಿಯುವ ಊರು ರಾಜ್ಯದ ಒಳಗಾ? ಒಂದೊಂದಕ್ಕೂ ಹೌದು ಇಲ್ಲ ಅಂದರೆ 16 ಸಾಲು. ಆದರೆ 16ನ್ನೂ ಟೆಸ್ಟ್ ಮಾಡಬೇಕಿಲ್ಲ. ಐಷಾರಾಮಿ ಬಸ್ ಆದರೆ ಉಳಿದ ಮೂರು ಏನೇ ಇರಲಿ, ದುಡ್ಡು ಕೊಡಲೇಬೇಕು. ಒಂದು ಸಾಲಾಯಿತು. ಸಾಮಾನ್ಯ ಬಸ್, ರಾಜ್ಯದ ಹೊರಗೆ, ದುಡ್ಡು. ಎರಡು. ಒಳಗೆ, ಗಂಡಸು, ದುಡ್ಡು. ಮೂರು. ಹೆಂಗಸು, ಚೀಟಿ ಇಲ್ಲ, ದುಡ್ಡು. ನಾಲ್ಕು. ಹೆಂಗಸು, ಚೀಟಿ ಇದೆ, ಶೂನ್ಯ. ಐದು. 16 ಇದ್ದದ್ದು 5ಕ್ಕೆ ಬಂತು. ಪುಸ್ತಕದಲ್ಲಿ ಇದನ್ನೇ ಡಿಸಿಷನ್ ಟೇಬಲ್ ಅಂತಾರೆ.

ಇಷ್ಟು ಪುಟ್ಟ ಯಂತ್ರದಲ್ಲೇ ಹೀಗೆ. ಆರು ಡ್ರಾಪ್‌ಡೌನ್ ಇರುವ ಒಂದು ಫಾರ್ಮ್, ಒಂದೊಂದರಲ್ಲಿ ಹತ್ತು ಆಯ್ಕೆ ಅಂದರೆ ಹತ್ತು ಲಕ್ಷ ಜೋಡಣೆ. ಯಾವ ಕಂಪನಿಯಲ್ಲೂ ಅಷ್ಟಕ್ಕೆ ಸಮಯ ಇರುವುದಿಲ್ಲ. ಏನನ್ನು ಬಿಡಬಹುದು, ಯಾವ ಧೈರ್ಯದ ಮೇಲೆ ಬಿಡಬಹುದು ಅನ್ನುವುದೇ ಈ ಕೆಲಸ. ಬಟನ್ ಒತ್ತುವುದು ಯಂತ್ರವೂ ಮಾಡುತ್ತದೆ.

ಮಂಡಗದ್ದೆ_ಹಕ್ಕಿ

"ಹೆಂಗಸಾ" ಅಂತ ಹೌದು ಇಲ್ಲ ಹಾಕಿದಿರಲ್ಲ, ಶಕ್ತಿ ಯೋಜನೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ. ನಿಮ್ಮ ಮೂರನೇ ಸಾಲಿನಲ್ಲಿ ಅವರು ದುಡ್ಡು ಕೊಡಬೇಕಾಗುತ್ತದೆ.

ಗೋಪಿ_ಸರ್ಕಲ್

ನೋಡಿ, ಹೀಗೆ ಹಿಡಿಯಬೇಕು. ಪಟ್ಟಿ ಎಷ್ಟು ಚೆನ್ನಾಗಿದ್ದರೂ ಮೊದಲ ಪ್ರಶ್ನೆಯೇ ಕಿರಿದಾಗಿದ್ದರೆ ಐದೂ ಸಾಲು ಹಸಿರು ತೋರಿಸುತ್ತವೆ, ಬಸ್ಸಲ್ಲಿ ಜಗಳ ಆಗುತ್ತದೆ. ಇನ್ನೊಬ್ಬರು ಮುಂದುವರಿಸಿ.

ಚಾಲಿ_ಅಡಿಕೆ

ಆಗುಂಬೆ ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದಾಗ ಕೊಟ್ಟ ಟಿಕೆಟ್ ಸರ್ವರ್‌ಗೆ ಯಾವಾಗ ಹೋಗುತ್ತದೆ? ಅಷ್ಟರಲ್ಲಿ ಬ್ಯಾಟರಿ ಸತ್ತರೆ ಲೆಕ್ಕ ಎಲ್ಲಿ?

ಬೈಟು_ಕಾಫಿ

6ರಿಂದ 12 ವರ್ಷದ ಮಕ್ಕಳಿಗೆ ಅರ್ಧ ಟಿಕೆಟ್. ಸರಿಯಾಗಿ 12 ತುಂಬಿದ ದಿನ ಹತ್ತಿದ ಹುಡುಗನಿಗೆ? ನಮ್ಮಮ್ಮ ನಾನು ಹೈಸ್ಕೂಲಿಗೆ ಹೋಗುವವರೆಗೂ ಹನ್ನೊಂದೇ ಅಂತ ಹೇಳುತ್ತಿದ್ದರು.

ಮಳೆ_ಜೋರು

ನೆಟ್‌ವರ್ಕ್ ವಿಷಯ ಬಂತಲ್ಲ, ನಾನು ಹೊಸನಗರದ ಹತ್ತಿರ ಮನೆಯಿಂದಲೇ ಕೆಲಸ ಮಾಡುತ್ತೇನೆ. ಮೊಬೈಲ್ ಆ್ಯಪ್ ಟೆಸ್ಟಿಂಗ್. ಕಂಪನಿ ವಾರಕ್ಕೆ ಮೂರು ದಿನ ಆಫೀಸಿಗೆ ಬಾ ಅನ್ನುವ ಕಾಲದಲ್ಲೂ ನನ್ನನ್ನು ಇಲ್ಲೇ ಬಿಟ್ಟಿದ್ದಾರೆ. ಅದಕ್ಕೊಂದು ಕಾರಣ ಇದೆ.

ಬೆಂಗಳೂರಲ್ಲಿ ಕೂತು ನಿಧಾನ ನೆಟ್‌ವರ್ಕ್ ಟೆಸ್ಟ್ ಮಾಡುವುದು ಅಂದರೆ ಬ್ರೌಸರ್‌ನಲ್ಲಿ ತ್ರೀಜಿ ಅಂತ ಒಂದು ಆಯ್ಕೆ ಒತ್ತುತ್ತಾರೆ. ಅದು ಒಂದೇ ಸಮ ನಿಧಾನ. ನಮ್ಮೂರಿನ ನೆಟ್‌ವರ್ಕ್ ಒಂದೇ ಸಮ ಏನೂ ಇಲ್ಲ. ಅಂಗಳದಲ್ಲಿ ಎರಡು ಕಡ್ಡಿ, ಜಗಲಿಗೆ ಬಂದರೆ ಇಲ್ಲ. ಕಡ್ಡಿ ಪೂರ್ತಿ ಇರುತ್ತದೆ, ಡೇಟಾ ಮಾತ್ರ ಒಂದು ಹನಿ ಬರುವುದಿಲ್ಲ. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರಿಯೂ ಇಳಿಯುತ್ತದೆ, ಫೋನ್ ದೂರದ ಇನ್ನೊಂದು ಟವರ್‌ಗೆ ಜೋತು ಬೀಳುತ್ತದೆ. ಆ ಮಧ್ಯದ ಕೆಲವು ಸೆಕೆಂಡು ಇದೆಯಲ್ಲ, ಅಲ್ಲೇ ಆ್ಯಪ್‌ಗಳ ಬಣ್ಣ ಬಯಲಾಗುವುದು.

ದುಡ್ಡು ಕಳಿಸು ಅಂತ ಒತ್ತುತ್ತೀರಿ. ಕೋರಿಕೆ ಸರ್ವರ್‌ಗೆ ಮುಟ್ಟಿದೆ, ಉತ್ತರ ವಾಪಸ್ ಬರುವಾಗ ದಾರಿಯಲ್ಲಿ ಬಿತ್ತು. ಪರದೆ ಮೇಲೆ ಚಕ್ರ ತಿರುಗುತ್ತಲೇ ಇದೆ. ಮನುಷ್ಯ ಏನು ಮಾಡುತ್ತಾನೆ? ಮತ್ತೆ ಒತ್ತುತ್ತಾನೆ. ಎರಡು ಸಲ ಹೋಯಿತಾ, ಒಂದು ಸಲ ಹೋಯಿತಾ? ಸರಿಯಾಗಿ ಕಟ್ಟಿದ ಆ್ಯಪ್ ಮೊದಲ ಸಲ ಒತ್ತಿದಾಗಲೇ ಒಂದು ಗುರುತಿನ ಸಂಖ್ಯೆ ಹುಟ್ಟಿಸುತ್ತದೆ. ಎರಡನೇ ಸಲವೂ ಅದೇ ಸಂಖ್ಯೆ ಕಳಿಸುತ್ತದೆ. ಸರ್ವರ್ "ಇದು ಆಗಲೇ ಮಾಡಿದ ಕೆಲಸ" ಅಂತ ಗುರುತು ಹಿಡಿದು ಹಳೆಯ ಉತ್ತರವನ್ನೇ ಕೊಡುತ್ತದೆ. ಐಡೆಂಪೊಟೆನ್ಸಿ ಅಂತಾರೆ ಇದಕ್ಕೆ. ಪ್ರತಿ ಒತ್ತಿಗೂ ಹೊಸ ಸಂಖ್ಯೆ ಹುಟ್ಟಿಸುವ ಆ್ಯಪ್ ನಾನು ನೋಡಿದ್ದೇನೆ, ಆಫೀಸಿನ ವೈಫೈಯಲ್ಲಿ ಅದು ಎಲ್ಲ ಟೆಸ್ಟ್ ಪಾಸಾಗಿತ್ತು.

ಹಣ ಕಡಿತವಾಗಿ ಆ ಕಡೆ ಮುಟ್ಟದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಕೊಡಬೇಕು ಅಂತ ಯುಪಿಐಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ಅಂದರೆ ಈ ದಾರಿಯಲ್ಲಿ ಬೀಳುವುದು ಅಪರೂಪದ ವಿಷಯ ಅಲ್ಲ. ನಮ್ಮ ಕಡೆ ಮಕ್ಕಳಿಗೆ ಇದೆಲ್ಲ ಹುಟ್ಟಿನಿಂದಲೇ ಗೊತ್ತು. ಅದನ್ನು ಮೀಟಿಂಗ್‌ನಲ್ಲಿ ಹೇಳುವ ಧೈರ್ಯ ಮಾಡಬೇಕು, ಅಷ್ಟೇ.

ಕೊಡಚಾದ್ರಿ_ಗಾಳಿ

ಮಳೆ_ಜೋರು ಹೇಳಿದ್ದು ಚೆನ್ನಾಗಿದೆ. ನಮ್ಮ ತಂಡದಲ್ಲಿ ಇಂಥವರು ಒಬ್ಬರಿದ್ದರೆ ನಾನೇ ಕರೆದು ಕೂರಿಸಿಕೊಳ್ಳುತ್ತೇನೆ. ಆದರೂ ನನ್ನ ಅನುಮಾನ ಇದ್ದೇ ಇದೆ. ಈಗ ಎಐ ಟೆಸ್ಟ್ ಬರೆಯುತ್ತದೆ. ಕೋಡ್ ಕೊಟ್ಟರೆ ಎರಡು ನಿಮಿಷಕ್ಕೆ ಐವತ್ತು ಟೆಸ್ಟ್ ಉದುರಿಸುತ್ತದೆ. ಆಟೊಮೇಷನ್ ಬರೆಯುತ್ತೇವೆ ಅನ್ನುವವರ ಕಥೆ ಏನು?

ವರದಾಮೂಲ

ಆ ಐವತ್ತು ಟೆಸ್ಟ್ ನಾನೂ ಬರೆಸುತ್ತೇನೆ. ಸಮಯ ಉಳಿಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಬೈಟು_ಕಾಫಿಯ ಹನ್ನೆರಡು ವರ್ಷದ ಹುಡುಗನನ್ನೇ ತೆಗೆದುಕೊಳ್ಳಿ. ಡೆವಲಪರ್ 12 ತುಂಬಿದರೂ ಅರ್ಧ ಅಂತ ಬರೆದಿದ್ದಾನೆ. ಆ ಕೋಡ್ ಓದಿ ಎಐ ಟೆಸ್ಟ್ ಬರೆದರೆ "12 ತುಂಬಿದರೆ ಅರ್ಧ ಬರಬೇಕು" ಅಂತಲೇ ಬರೆಯುತ್ತದೆ. ಟೆಸ್ಟ್ ಹಸಿರು. ನಿಗಮದ ನಿಯಮ ಏನಿತ್ತು ಅಂತ ಯಾರು ನೋಡಿದರು? ಕೋಡಿನಿಂದ ಹುಟ್ಟಿದ ಟೆಸ್ಟ್ ಕೋಡ್ ಈಗ ಏನು ಮಾಡುತ್ತಿದೆ ಅಂತ ಹೇಳುತ್ತದೆ. ಏನು ಮಾಡಬೇಕಿತ್ತು ಅನ್ನುವುದು ಅದರ ಹೊರಗಿಂದ ಬರಬೇಕು.

ಬರೇ ಸ್ಕ್ರಿಪ್ಟ್ ಟೈಪ್ ಮಾಡುವವರ ಕೆಲಸಕ್ಕೆ ಕುತ್ತು ಇದೆ, ಅದನ್ನು ಒಪ್ಪುತ್ತೇನೆ. ಬರೇ ಕೋಡ್ ಟೈಪ್ ಮಾಡುವವರಿಗೂ ಅಷ್ಟೇ ಇದೆ, ಕೊಡಚಾದ್ರಿ 😊

ಮಂಡಗದ್ದೆ_ಹಕ್ಕಿ

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಅಪ್‌ಡೇಟ್ ಹೋಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹಾಕಿಕೊಂಡು ಕೂತವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಆಮೇಲೆ ಅವರೇ ಕಾರಣ ಬರೆದು ಹಾಕಿದರು. ಒಂದು ಕಡೆ 21 ಮಾಹಿತಿ ಬೇಕು ಅಂತ ಇತ್ತು, ಇನ್ನೊಂದು ಕಡೆಯಿಂದ ಬರುತ್ತಿದ್ದದ್ದು 20. ಟೆಸ್ಟ್ ಇರಲಿಲ್ಲ ಅಂತಲ್ಲ, ಇತ್ತು. ಆದರೆ ಟೆಸ್ಟ್ ಡೇಟಾದಲ್ಲಿ 21ನೆಯದಕ್ಕೆ "ಏನಾದರೂ ಸರಿ" ಅಂತ ಇಟ್ಟಿದ್ದರು. ಹಾಗಾಗಿ ಆ 21ನೆಯದನ್ನು ಯಾರೂ ಮುಟ್ಟಿಯೇ ನೋಡಿರಲಿಲ್ಲ. ಜೊತೆಗೆ ಅಪ್‌ಡೇಟ್ ಎಲ್ಲರಿಗೂ ಒಟ್ಟಿಗೆ ಹೋಯಿತು. ಮೊದಲು ಸ್ವಲ್ಪ ಜನರಿಗೆ ಕಳಿಸಿ ಕಾದು ನೋಡಿದ್ದರೆ ಇಷ್ಟಾಗುತ್ತಿರಲಿಲ್ಲ.

ಗೋಪಿ ಅಣ್ಣ ಹೇಳಿದ "ಏನನ್ನು ಬಿಡಬಹುದು" ಇದೆಯಲ್ಲ, ಅದು ತಪ್ಪಿದರೆ ಹೀಗಾಗುತ್ತದೆ.

ಮಳೆ_ಜೋರು

ಇಂಥದ್ದು ಆದಾಗ ಮೀಟಿಂಗ್‌ನಲ್ಲಿ ಮೊದಲು ಬರುವ ಪ್ರಶ್ನೆ "ಟೆಸ್ಟರ್ ಯಾಕೆ ನೋಡಲಿಲ್ಲ?" ಬರೆದವನನ್ನು ಯಾರೂ ಕೇಳುವುದಿಲ್ಲ, ಎರಡೇ ದಿನದಲ್ಲಿ ಮುಗಿಸಿ ಅಂದ ಮ್ಯಾನೇಜರನ್ನಂತೂ ಕೇಳುವುದೇ ಇಲ್ಲ. ಈ ಕೆಲಸದಲ್ಲಿ ನನಗೆ ನಿಜವಾಗಿ ಬೇಜಾರು ತರುವುದು ಇದೊಂದೇ. ಹಿಂದೆ ಒಂದು ಕಂಪನಿಯಲ್ಲಿ ಬಿಡುಗಡೆ ಹಿಂದಿನ ರಾತ್ರಿ "ಎಲ್ಲ ಸರಿ ಇದೆ" ಅಂತ ಸೈನ್‌ಆಫ್ ಮೇಲ್ ಹಾಕು ಅಂತ ಒತ್ತಾಯ ಮಾಡುತ್ತಿದ್ದರು. ಸೀತಾ, ಎಲ್ಲ ಸರಿ ಇದೆ ಅಂತ ಯಾವತ್ತೂ ಬರೆಯಬೇಡ. ಏನು ನೋಡಿದೆ, ಏನು ನೋಡಲು ಸಮಯ ಸಿಗಲಿಲ್ಲ, ನೋಡದೇ ಇದ್ದದ್ದರಿಂದ ಏನಾಗಬಹುದು, ಈ ಮೂರನ್ನು ಬರೆ. ಬಿಡುಗಡೆ ಮಾಡುವುದು ಬಿಡುವುದು ಮ್ಯಾನೇಜರ್‌ಗೆ ಬಿಟ್ಟದ್ದು.

ವರದಾಮೂಲ

ನೂರಕ್ಕೆ ನೂರು. ಈ ಮೇಲ್ ಬರೆಯುವುದನ್ನು ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ.

ಗೋಪಿ_ಸರ್ಕಲ್

ಕನ್ನಡದ ವಿಷಯ ಒಂದು ಹೇಳಿ ಮಲಗುತ್ತೇನೆ. ನಾನು ಭಾರತೀಯ ಭಾಷೆಗಳ ತಂಡದಲ್ಲಿದ್ದೇನೆ. ಸೀತಾ, ನಿನ್ನ ಹತ್ತಿರ ಒಂದು ಬಂಡವಾಳ ಇದೆ, ಅದು ನಿನಗೇ ಗೊತ್ತಿಲ್ಲ.

"ಶಿವಮೊಗ್ಗ" ಅಂತ ಬರೆ. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಅಕ್ಷರಗಳಿಗೆ ಕಂಪ್ಯೂಟರ್ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಎಂಟು ಸಂಕೇತ. ಅದನ್ನು ಯುಟಿಎಫ್-8 ಅನ್ನುವ ರೂಪದಲ್ಲಿ ಉಳಿಸಿದರೆ 24 ಬೈಟ್. ಈಗ ಡೇಟಾಬೇಸ್‌ನಲ್ಲಿ ಊರಿನ ಹೆಸರಿಗೆ 20 ಬೈಟ್ ಜಾಗ ಇಟ್ಟಿದ್ದರೆ? ಇಂಗ್ಲಿಷ್‌ನಲ್ಲಿ ಟೆಸ್ಟ್ ಮಾಡಿದವರಿಗೆ ಇದು ಕಾಣುವುದೇ ಇಲ್ಲ. ಇನ್ನೂ ಒಂದು. "ಮೊ"ದಲ್ಲಿರುವ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಕೂಡಿಸಿಯೂ ಬರೆಯಬಹುದು. ನೋಡಲು ಎರಡೂ ಒಂದೇ. ಆ್ಯಪ್ ಎರಡನ್ನೂ ಒಂದೇ ರೂಪಕ್ಕೆ ತರದಿದ್ದರೆ ಒಂದು ಥರ ಬರೆದು ಇಟ್ಟದ್ದು ಇನ್ನೊಂದು ಥರ ಹುಡುಕಿದರೆ ಸಿಗುವುದಿಲ್ಲ. 2014ರ ನವೆಂಬರ್ 1ಕ್ಕೆ ಇಂಗ್ಲಿಷ್ ಹೆಸರು ಶಿಮೊಗ ಹೋಗಿ ಶಿವಮೊಗ್ಗ ಆಯಿತು. ಹಳೆಯ ಹೆಸರು ಹುಡುಕಿದವರಿಗೆ ಏನು ತೋರಿಸಬೇಕು ಅನ್ನುವುದೂ ಒಂದು ಟೆಸ್ಟ್.

ಎಸ್‌ಎಂಎಸ್ ಇಂಗ್ಲಿಷ್‌ನಲ್ಲಿ 160 ಅಕ್ಷರ, ಕನ್ನಡ ಸೇರಿದ ಕೂಡಲೇ 70 ಸಂಕೇತ. ಒಟಿಪಿ ಸಂದೇಶ ಎರಡು ತುಂಡಾಗಿ, ಸಂಖ್ಯೆ ಎರಡನೇ ತುಂಡಿನಲ್ಲಿ ಬಂದರೆ?

ಹೆಸರಿನ ಫಾರ್ಮ್ ಅಂತೂ ಹೇಳಲೇಬೇಡ. ಮನೆತನದ ಹೆಸರು ಕಡ್ಡಾಯ ಅಂತಾರೆ. ನಮ್ಮಲ್ಲಿ ಅರ್ಧ ಜನರಿಗೆ ಇನಿಶಿಯಲ್ ಬಿಟ್ಟರೆ ಏನಿದೆ? ಒಂದೇ ಅಕ್ಷರ ಹಾಕಿದರೆ "ಕನಿಷ್ಠ ಎರಡು ಅಕ್ಷರ ಬೇಕು" ಅಂತ ಕೆಂಪಗೆ ಬರುತ್ತದೆ.

ಚಾಲಿ_ಅಡಿಕೆ

ಅದಕ್ಕೇ ನನ್ನ ಹೆಸರು ಒಂದು ಕಡೆ ಎರಡು ಸಲ ಬಂದಿದೆ. ಮೊದಲ ಹೆಸರೂ ಅದೇ, ಕೊನೆಯ ಹೆಸರೂ ಅದೇ. ಬ್ಯಾಂಕಿನವರು ಇವರಿಬ್ಬರೂ ಒಬ್ಬರೇನಾ ಅಂತ ಕೇಳಿದರು.

ಸೀತಾನದಿ · ಭಾನುವಾರ ಸಂಜೆ

ಎಲ್ಲ ಓದಿದೆ, ಕೆಲವನ್ನು ಎರಡೆರಡು ಸಲ. ಟಿಕೆಟ್ ಯಂತ್ರಕ್ಕೆ ನನ್ನದೂ ಒಂದು ಇರಲಿ ಅಂತ ಯೋಚನೆ ಮಾಡಿದೆ. ಸಾಮಾನ್ಯ ಬಸ್‌ನಲ್ಲಿ ಶೂನ್ಯ ಟಿಕೆಟ್ ತೆಗೆದುಕೊಂಡು ಹೊರಟಿದ್ದೇನೆ. ತರೀಕೆರೆ ಹತ್ತಿರ ಬಸ್ ಕೆಟ್ಟು ನಿಂತಿತು. ಹಿಂದೆ ಬಂದ ರಾಜಹಂಸಕ್ಕೆ ಎಲ್ಲರನ್ನೂ ಹತ್ತಿಸಿದರು. ಈಗ ಆ ಕಂಡಕ್ಟರ್ ಯಂತ್ರದಲ್ಲಿ ನನ್ನ ಟಿಕೆಟ್ ಏನಾಗುತ್ತದೆ? ಚೆಕಿಂಗ್‌ನವರು ಬಂದರೆ ನಾನು ಟಿಕೆಟ್ ಇಲ್ಲದವಳಾ?

ಇನ್ನೊಂದು, ಸೇರುವ ಮೊದಲು ಏನು ಕಲಿಯಲಿ? ಟೆಸ್ಟರ್‌ಗಳಿಗೆ ಪ್ರಮಾಣಪತ್ರ ಕೊಡುವ ಐಎಸ್‌ಟಿಕ್ಯೂಬಿ ಪರೀಕ್ಷೆ ಬರೆಯಬೇಕಾ?

ವರದಾಮೂಲ

ಒಳ್ಳೆಯ ಪ್ರಶ್ನೆ ಮಾಡಿದೆ. ಇದರ ಉತ್ತರ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿರಬೇಕಿಲ್ಲ. ಬಸ್ ಡಿಪೋದಲ್ಲಿ ಯಾರನ್ನು ಕೇಳಬೇಕು ಅಂತ ಹುಡುಕಿ ಕೇಳುವುದು ನಿನ್ನ ಕೆಲಸ. ಡೆವಲಪರ್ ತನಗೆ ತೋಚಿದ್ದು ಬರೆಯುವ ಮೊದಲು.

ಐಎಸ್‌ಟಿಕ್ಯೂಬಿ ಫೌಂಡೇಶನ್ ಅಂದರೆ 40 ಪ್ರಶ್ನೆ, ಒಂದು ಗಂಟೆ, 26 ಸರಿಯಾದರೆ ಪಾಸ್. ಪಠ್ಯ ಅವರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಓದು. ಪರೀಕ್ಷೆಗೆ ಈಗ ಮನೆ ದುಡ್ಡು ಹಾಕಬೇಡ. ಕಂಪನಿಗೆ ಬೇಕಿದ್ದರೆ ಅವರೇ ಕಟ್ಟುತ್ತಾರೆ. ಆ ಸಮಯದಲ್ಲಿ ಡೇಟಾಬೇಸ್‌ನ ಭಾಷೆ ಎಸ್‌ಕ್ಯೂಎಲ್ ಗಟ್ಟಿ ಮಾಡಿಕೋ. ಎಚ್‌ಟಿಟಿಪಿ ಅಂದರೆ ಏನು, 404 ಮತ್ತು 500ಕ್ಕೆ ಏನು ವ್ಯತ್ಯಾಸ ಅಂತ ಬಾಯಿಪಾಠ ಅಲ್ಲ, ಪೋಸ್ಟ್‌ಮನ್ ಅನ್ನುವ ಸಲಕರಣೆ ಹಾಕಿಕೊಂಡು ಕೈಯಾರೆ ನೋಡು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಕಲಿ. ಬ್ರೌಸರ್‌ನಲ್ಲಿ ಟೆಸ್ಟ್ ತಾನಾಗೇ ಓಡಿಸುವ ಪ್ಲೇರೈಟ್ ಅಥವಾ ಸೆಲೆನಿಯಂ, ಎರಡರಲ್ಲಿ ಒಂದು ಸಾಕು. ಸೆಲೆನಿಯಂ 2004ರಿಂದ ಇದೆ, ಹಳೆಯ ತಂಡಗಳಲ್ಲಿ ಅದೇ ಜಾಸ್ತಿ. ಹೊಸದಾಗಿ ಶುರು ಮಾಡುವವರು ಪ್ಲೇರೈಟ್ ಕಡೆ ಹೋಗುತ್ತಿದ್ದಾರೆ. ಒಂದು ಗೊತ್ತಿದ್ದರೆ ಇನ್ನೊಂದು ಬೇಗ ಬರುತ್ತದೆ.

ಕೊಡಚಾದ್ರಿ_ಗಾಳಿ

ಒಂದು ಸೇರಿಸುತ್ತೇನೆ. ಕೋಡ್ ಓದುವುದನ್ನು ಬಿಡಬೇಡ. ನನ್ನ ತಂಡದಲ್ಲಿದ್ದ ಒಬ್ಬರು ಟೆಸ್ಟರ್ ಬಗ್ ವರದಿಯಲ್ಲಿ ಯಾವ ಫೈಲಿನ ಯಾವ ಸಾಲು ಅಂತಲೂ ಬರೆಯುತ್ತಿದ್ದರು. ಅವರ ಬಗ್ ವಾಪಸ್ ಕಳಿಸಲು ನಮಗೆ ಬಾಯಿ ಬರುತ್ತಿರಲಿಲ್ಲ. ಆಮೇಲೆ ಅವರು ಡೆವಲಪರ್ ಆಗುತ್ತೇನೆ ಅಂದಾಗ ಯಾರೂ ಇಂಟರ್‌ವ್ಯೂ ಕೂಡ ಕೇಳಲಿಲ್ಲ. ಹೊರಗೆ ಬರಕ್ಕಾಗಲ್ಲ ಅನ್ನುವ ನಿನ್ನ ಅಣ್ಣನಿಗೆ ಇದನ್ನು ಹೇಳು.

ಸೀತಾನದಿ · ಗುರುವಾರ

ಎಚ್‌ಆರ್ ಉತ್ತರ ಕೊಟ್ಟರು! ತಂಡ ಪ್ರಾಡಕ್ಟ್ ಜೊತೆಗೇ ಕೂರುತ್ತದಂತೆ, ರೆಪೊ ನೋಡಬಹುದಂತೆ, ಯೂನಿಟ್ ಟೆಸ್ಟ್ ಡೆವಲಪರ್‌ಗಳೇ ಬರೆಯುತ್ತಾರಂತೆ. ಬಾಂಡ್ ಇಲ್ಲ. ಕಾರ್ಡ್ ಬಣ್ಣ ಎಲ್ಲರದ್ದೂ ಒಂದೇ ಅಂತ ಅವರೇ ನಗಾಡುತ್ತಾ ಹೇಳಿದರು. ಒಪ್ಪಿಕೊಂಡು ಸಹಿ ಹಾಕಿದೆ. ಬೆಂಗಳೂರಲ್ಲಿ ಪಿಜಿ ಎಲ್ಲಿ ನೋಡಲಿ? ಆಫೀಸ್ ಬೆಳ್ಳಂದೂರು ಕಡೆ.

ಬೈಟು_ಕಾಫಿ

ಬೆಳ್ಳಂದೂರಾ? ಮಳೆಗಾಲದಲ್ಲಿ ದೋಣಿ ಸಿಗುತ್ತದಾ ಅಂತ ಎಚ್‌ಆರ್‌ಗೆ ಇನ್ನೊಂದು ಮೇಲ್ ಹಾಕು.

ಗೋಪಿ_ಸರ್ಕಲ್

ಅಭಿನಂದನೆ ಸೀತಾ. ಪಿಜಿಗೆ ಬೇರೆ ಚರ್ಚೆ ತೆರೆ, ಇಲ್ಲಿ ಶುರುವಾದರೆ ಊಟ ಚೆನ್ನಾಗಿಲ್ಲ ಅನ್ನುವಲ್ಲಿಗೆ ನೂರು ಕಾಮೆಂಟ್ ಆಗುತ್ತದೆ.